ಕೂದಲೆಳೆ ಅಂತರದ ಚುನಾವಣೆ: ಹೊರದೇಶದ ಫಲಿತಾಂಶ ಓದುವುದು ಹೇಗೆ?

ಸಣ್ಣ ಅಂತರದ ಸಂಕಟ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. 2023ರಲ್ಲಿ ಮಾಲೂರು ವಿಧಾನಸಭಾ ಕ್ಷೇತ್ರದಲ್ಲಿ ಘೋಷಣೆಯಾದ ಅಂತರ 248 ಮತ. 2019ರಲ್ಲಿ ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಎಚ್.ಡಿ. ದೇವೇಗೌಡರು ಸೋತದ್ದು 13,339 ಮತಗಳಿಂದ. ಇಲ್ಲಿ ಯಾರು ಮುಂದಿದ್ದಾರೆ, ಇನ್ನೆಷ್ಟು ಸುತ್ತು ಬಾಕಿ ಇದೆ ಎಂದು ನೋಡಿಕೊಂಡರೆ ಸಾಕು. ಸ್ವೀಡನ್, ಜರ್ಮನಿ, ನ್ಯೂಜಿಲೆಂಡ್‌ನಂತಹ ದೇಶಗಳ ಚುನಾವಣೆಗೆ ಇದೇ ಕಣ್ಣಿಟ್ಟು ಕೂತರೆ ಲೆಕ್ಕ ತಪ್ಪುತ್ತದೆ. ಅಲ್ಲಿರುವುದು ಪ್ರಮಾಣಾನುಗುಣ ಪ್ರಾತಿನಿಧ್ಯ: ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ತಕ್ಕಷ್ಟು ಸ್ಥಾನ. ಮೊದಲ ಸ್ಥಾನ ಪಡೆದ ಪಕ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂರಬಹುದು. ಶೇ 4ರ ಆಸುಪಾಸಿನಲ್ಲಿರುವ ಪುಟ್ಟ ಪಕ್ಷ ಸರ್ಕಾರವನ್ನೇ ತೀರ್ಮಾನಿಸಬಹುದು. ಮಕ್ಕಳು, ನೆಂಟರು ಆ ದೇಶಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ಮನೆಗಳಿಗೆ ಅಲ್ಲಿನ ವೀಸಾ ನಿಯಮ ಯಾರ ಕೈಗೆ ಹೋಗುತ್ತದೆ ಎಂಬುದು ದೂರದ ಸುದ್ದಿಯಲ್ಲ.

ನಮ್ಮ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸಕ್ಕೆ 2018ರ ಕರ್ನಾಟಕವೇ ಸಾಕ್ಷಿ. ಕಾಂಗ್ರೆಸ್ ಶೇ 38ರಷ್ಟು ಮತ ಪಡೆದರೂ 80ಕ್ಕೆ ನಿಂತಿತು, ಶೇ 36 ಪಡೆದ ಬಿಜೆಪಿ 104ಕ್ಕೆ ಏರಿತು. ರಾಜ್ಯವಿಡೀ ಒಂದೇ ಲೆಕ್ಕವಾಗಿ ಪಾಲು ಹಂಚುವ ಪದ್ಧತಿಯಲ್ಲಿ ಹೀಗಾಗದು. ಹಾಗೆಂದು ಪ್ರಮಾಣಾನುಗುಣ ಪದ್ಧತಿ ನಮಗೆ ಪೂರಾ ಅಪರಿಚಿತವೂ ಅಲ್ಲ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದು ಅದರದೇ ಒಂದು ಬಗೆಯಲ್ಲಿ. ನಾಲ್ಕು ಸ್ಥಾನಗಳಿದ್ದಾಗ 224ನ್ನು 5ರಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದು ಕೂಡಿಸಿದರೆ 45. ಆ ದಿನಗಳಲ್ಲಿ ‘45 ಮತ ಬೇಕು’ ಎಂದು ಎಲ್ಲರ ಬಾಯಲ್ಲೂ ಕೇಳುವ ಅಂಕಿ ಬರುವುದು ಹೀಗೆ.

ಬೇಕಾದ ಸಲಕರಣೆ ಕಡಿಮೆ. ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಆ ದೇಶದ ಚುನಾವಣಾ ಪ್ರಾಧಿಕಾರದ ಅಧಿಕೃತ ಜಾಲತಾಣ ಇದ್ದರಾಯಿತು. ಸ್ಪ್ರೆಡ್‌ಶೀಟ್ ಬಳಸಲು ಬರುವವರಿಗೆ ಕೆಲಸ ಇನ್ನೂ ಹಗುರ.

ಹಂತ 1: ನಿಯಮಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ

ಒಟ್ಟು ಸ್ಥಾನ ಎಷ್ಟು, ಬಹುಮತಕ್ಕೆ ಎಷ್ಟು, ಸಂಸತ್ತಿಗೆ ಕಾಲಿಡಲು ಪಕ್ಷಕ್ಕೆ ಬೇಕಾದ ಕನಿಷ್ಠ ಮತಮಿತಿ ಎಷ್ಟು, ಸ್ಥಾನ ಹಂಚಲು ಮತವನ್ನು ಯಾವ ಸಂಖ್ಯೆಗಳಿಂದ ಭಾಗಿಸುತ್ತಾರೆ (ವಿವರ ಹಂತ 4ರಲ್ಲಿ), ಮತದಾನ ಮುಗಿಯುವುದು ನಮ್ಮ ಗಡಿಯಾರದಲ್ಲಿ ಯಾವಾಗ. ಈ ಐದೂ ಮತದಾನಕ್ಕೆ ಮೊದಲೇ ಕೈಯಲ್ಲಿರಬೇಕು.

ಸ್ವೀಡನ್: 349 ಸ್ಥಾನ, ಬಹುಮತಕ್ಕೆ 175, ಮಿತಿ ಶೇ 4. ದೇಶದಾದ್ಯಂತ ಶೇ 4 ದಾಟದಿದ್ದರೂ ಒಂದು ಕ್ಷೇತ್ರದಲ್ಲಿ ಶೇ 12 ಪಡೆದ ಪಕ್ಷ ಆ ಕ್ಷೇತ್ರದ ಹಂಚಿಕೆಯಲ್ಲಿ ಪಾಲು ಪಡೆಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಸೆಪ್ಟೆಂಬರ್‌ನ ಎರಡನೇ ಭಾನುವಾರ ಮತದಾನ. ಅಲ್ಲಿ ರಾತ್ರಿ 8ಕ್ಕೆ ಮತಗಟ್ಟೆ ಮುಚ್ಚಿದಾಗ ನಮ್ಮಲ್ಲಿ 11.30. ಜರ್ಮನಿ: 630 ಸ್ಥಾನ, ಬಹುಮತಕ್ಕೆ 316, ಮಿತಿ ಶೇ 5. ಸಂಜೆ 6ಕ್ಕೆ ಮತದಾನ ಮುಗಿಯುತ್ತದೆ. ನಮಗದು ಚಳಿಗಾಲದಲ್ಲಿ ರಾತ್ರಿ 10.30, ಬೇಸಿಗೆಯಲ್ಲಿ 9.30. ನ್ಯೂಜಿಲೆಂಡ್: ಸಾಮಾನ್ಯವಾಗಿ 120 ಸ್ಥಾನ, ಮಿತಿ ಶೇ 5 ಅಥವಾ ಒಂದು ಕ್ಷೇತ್ರದಲ್ಲಿ ನೇರ ಗೆಲುವು. ಅಲ್ಲಿ ಸಂಜೆ 7 ಎಂದರೆ, ಅಕ್ಟೋಬರ್‌ನಲ್ಲಾದರೆ, ನಮಗೆ ಬೆಳಿಗ್ಗೆ 11.30. ನೆದರ್ಲೆಂಡ್ಸ್‌ನಲ್ಲಿ 150 ಸ್ಥಾನಗಳಿದ್ದು ಪ್ರತ್ಯೇಕ ಮಿತಿಯೇ ಇಲ್ಲ, ಒಂದು ಸ್ಥಾನಕ್ಕೆ ಸಾಲುವಷ್ಟು ಮತ ಬಂದರೆ ಸಾಕು. ಹಾಗಾಗಿ ಅಲ್ಲಿನ ಸಂಸತ್ತಿನಲ್ಲಿ ಪಕ್ಷಗಳ ಸಂಖ್ಯೆ ದೊಡ್ಡದು.

ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಮತದಾನದ ದಿನ ಯಾವ ಸಮಯ ಜಾರಿಯಲ್ಲಿದೆ ಎಂದು ನೋಡಿಕೊಳ್ಳದಿದ್ದರೆ ಒಂದು ಗಂಟೆ ಸುಮ್ಮನೆ ಕಾಯಬೇಕಾಗುತ್ತದೆ.

ಹಂತ 2: ಪಕ್ಷಗಳನ್ನು ಬಣಗಳಾಗಿ ಕೂಡಿಸಿ

ದೊಡ್ಡ ಪಕ್ಷ ಯಾವುದು ಎಂಬ ಪ್ರಶ್ನೆಯನ್ನು ಬದಿಗಿಡಿ. ಯಾರು ಯಾರ ಜೊತೆ ಸರ್ಕಾರ ಮಾಡಲು ಒಪ್ಪುತ್ತಾರೆ ಎಂದು ಚುನಾವಣೆಗೆ ಮುಂಚಿನ ಹೇಳಿಕೆಗಳಿಂದ ತಿಳಿದು, ಎರಡು ಕಾಲಂ ಮಾಡಿ. ಎತ್ತಲೂ ಸೇರದವರಿಗೆ ಮೂರನೆಯದು.

2022ರ ಸೆಪ್ಟೆಂಬರ್ 11ರ ಸ್ವೀಡನ್ ಚುನಾವಣೆಯನ್ನು ನೋಡಿ. ಅಧಿಕಾರದಲ್ಲಿದ್ದ ಸೋಷಿಯಲ್ ಡೆಮಾಕ್ರಾಟ್ಸ್ 107 ಸ್ಥಾನ ಪಡೆದು ಎಲ್ಲರಿಗಿಂತ ಬಹಳ ಮುಂದಿದ್ದರು. ಮಿತ್ರರ 24, 24, 18 ಕೂಡಿದರೆ 173. ಎದುರು ಬಣದಲ್ಲಿ 73, 68, 19, 16 ಸೇರಿ 176. ಮತಗಳ ಪಾಲು ಎದುರಿನ ಬಲಬಣಕ್ಕೆ ಶೇ 49.6, ಸೋಷಿಯಲ್ ಡೆಮಾಕ್ರಾಟ್ಸ್ ಇದ್ದ ಎಡಬಣಕ್ಕೆ ಶೇ 48.9. ಪ್ರಧಾನಿ ಮಗ್ಡಲೀನಾ ಆಂಡರ್ಸನ್ ಸೋಲೊಪ್ಪಿಕೊಂಡದ್ದು ಮೂರು ದಿನದ ನಂತರ, ಬುಧವಾರ. ಮುಂದೆ ಪ್ರಧಾನಿಯಾದ ಉಲ್ಫ್ ಕ್ರಿಸ್ಟರ್ಸನ್ ಅವರ ಪಕ್ಷ ಸ್ಥಾನಗಳ ಲೆಕ್ಕದಲ್ಲಿ ಮೂರನೆಯದು. ಸ್ಪೇನ್‌ನಲ್ಲೂ 2023ರಲ್ಲಿ ಪಾಪ್ಯುಲರ್ ಪಾರ್ಟಿ 137 ಸ್ಥಾನಗಳೊಂದಿಗೆ ಮೊದಲಿಗೆ ಬಂತು. ಪ್ರಧಾನಿಯಾಗಿ ಮುಂದುವರಿದವರು 121 ಸ್ಥಾನದ ಪಕ್ಷದ ಪೆಡ್ರೊ ಸಾಂಚೆಜ್.

ಒಂದು ಎಚ್ಚರಿಕೆ. ಬಣಗಳು ಕಲ್ಲಿನ ಬರಹವಲ್ಲ. ಸ್ವೀಡನ್‌ನ ಸೆಂಟರ್ ಪಾರ್ಟಿ 2018ರಲ್ಲಿ ಬಲಬಣದೊಂದಿಗೆ ಚುನಾವಣೆಗೆ ಇಳಿದಿತ್ತು, 2022ರಲ್ಲಿ ಎಡಬಣದ ಲೆಕ್ಕಕ್ಕೆ ಬಂತು. ಹಳೆಯ ಕೋಷ್ಟಕವನ್ನೇ ಹೊಸ ಚುನಾವಣೆಗೆ ಬಳಸಬೇಡಿ.

ಹಂತ 3: ಕನಿಷ್ಠ ಮಿತಿಯ ಮೇಲೆ ಕಣ್ಣಿಡಿ

ಇಡೀ ರಾತ್ರಿಯಲ್ಲಿ ಅತಿ ಹೆಚ್ಚು ಗಮನ ಬೇಡುವ ಜಾಗ ಇದು. ಹೊಸದಾಗಿ ನೋಡುವವರು ಮೊದಲು ಕಡೆಗಣಿಸುವುದೂ ಇದನ್ನೇ.

ಸ್ವೀಡನ್‌ನಲ್ಲಿ ಸರಿಯಾಗಿ ಶೇ 4 ಪಡೆದ ಪಕ್ಷಕ್ಕೆ ಸುಮಾರು 14 ಸ್ಥಾನ. ಶೇ 3.99ಕ್ಕೆ ಸೊನ್ನೆ. ಆ 14 ಸ್ಥಾನಗಳು ಮಿತಿ ದಾಟಿದ ಎಲ್ಲ ಪಕ್ಷಗಳಿಗೂ, ಎದುರಾಳಿಗಳಿಗೂ ಸೇರಿ, ಹಂಚಿಹೋಗುತ್ತವೆ. ಬಣಗಳ ನಡುವೆ ಮೂರೇ ಸ್ಥಾನದ ಅಂತರವಿರುವಾಗ 14 ಸ್ಥಾನ ಮಾಯವಾದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ದೊಡ್ಡ ಪಕ್ಷದ ಕೆಲವು ಬೆಂಬಲಿಗರು ಬೇಕೆಂದೇ ಪುಟ್ಟ ಮಿತ್ರಪಕ್ಷಕ್ಕೆ ಮತ ಹಾಕುತ್ತಾರೆ.

ಜರ್ಮನಿಯ 2025ರ ಫೆಬ್ರುವರಿ 23ರ ಚುನಾವಣೆ ಇದಕ್ಕೆ ಕಣ್ಣೆದುರಿನ ಪಾಠ. ಬಿಎಸ್‌ಡಬ್ಲ್ಯು ಎಂಬ ಹೊಸ ಪಕ್ಷ ಶೇ 4.98ಕ್ಕೆ ನಿಂತಿತು. ಹತ್ತು ಸಾವಿರಕ್ಕಿಂತ ಕಡಿಮೆ ಮತ ಸಾಲದೆ ಸಂಸತ್ತಿನ ಹೊರಗುಳಿಯಿತು. ಎಫ್‌ಡಿಪಿ ಕೂಡ ಶೇ 4.3ರಲ್ಲಿ ಹೊರಗೆ. ಹೀಗೆ ಸ್ಥಾನ ಸಿಗದೆ ಹೋದ ಮತ ಒಟ್ಟು ಶೇ 14ರ ಹತ್ತಿರ. ಉಳಿದ ಶೇ 86ರಲ್ಲಿ ಅರ್ಧ, ಎಂದರೆ ಶೇ 43 ಚಿಲ್ಲರೆ, ಬಹುಮತಕ್ಕೆ ಸಾಕಾಯಿತು. ಸಿಡಿಯು-ಸಿಎಸ್‌ಯುಗೆ ಶೇ 28.5, ಎಸ್‌ಪಿಡಿಗೆ ಶೇ 16.4, ಕೂಡಿದರೆ ಶೇ 44.9; ಸ್ಥಾನಗಳು 208 ಮತ್ತು 120, ಒಟ್ಟು 328. ಬಿಎಸ್‌ಡಬ್ಲ್ಯು ಒಳಗೆ ಬಂದಿದ್ದರೆ ಈ ಜೋಡಿ ಸುಮಾರು 310ಕ್ಕೆ ಇಳಿದು, ಮೂರನೇ ಪಕ್ಷದ ಬಾಗಿಲು ತಟ್ಟಬೇಕಾಗುತ್ತಿತ್ತು.

ನೋಟ್‌ಬುಕ್ಕಿನಲ್ಲಿ ಹೀಗೆ ಮಾಡಿ: ಮಿತಿಯ ಕೆಳಗಿರುವ ಎಲ್ಲ ಪಕ್ಷಗಳ ಶೇಕಡಾವಾರು ಕೂಡಿಸಿ, 100ರಿಂದ ಕಳೆಯಿರಿ, ಉಳಿದದ್ದನ್ನು ಅರ್ಧ ಮಾಡಿ. ಆ ರಾತ್ರಿಯ ನಿಜವಾದ ಬಹುಮತದ ಗೆರೆ ಅದು. ಮಿತಿಯ ಅಂಚಿನಲ್ಲಿರುವ ಪಕ್ಷವಿದ್ದರೆ ಎರಡು ಲೆಕ್ಕ ಬರೆಯಿರಿ, ಅದು ಒಳಗಿದ್ದರೆ ಒಂದು, ಹೊರಗಿದ್ದರೆ ಇನ್ನೊಂದು.

ಚುನಾವಣಾ ಪೂರ್ವ ಸಮೀಕ್ಷೆ ಇಲ್ಲಿ ಹೆಚ್ಚು ನೆರವಾಗದು. 1,500 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ 4ರ ಪಕ್ಷದ ಅಂಕಿ ಸುಮಾರು ಒಂದು ಶೇಕಡಾ ಅಂಶ ಆಚೀಚೆ ಆಗಬಹುದು. ಹಾಗಾಗಿ ಅದು 3 ಇರಬಹುದು, 5 ಇರಬಹುದು. ಒಂದೇ ಸಮೀಕ್ಷೆ ಹಿಡಿದು ಪಕ್ಷ ಉಳಿಯಿತು, ಮುಳುಗಿತು ಎನ್ನುವುದು ಅವಸರದ ಮಾತು.

ಹಂತ 4: ಸ್ಥಾನ ಹಂಚಿಕೆಯ ಲೆಕ್ಕ ನೀವೇ ಹಾಕಿ

ಒಂದು ಸಲ ಕೈಯಾರೆ ಮಾಡಿದರೆ ಇದು ಮರೆಯದು. ತುಮಕೂರು ಜಿಲ್ಲೆಗೆ 11 ವಿಧಾನಸಭಾ ಸ್ಥಾನ. ಕೋಲಾರದ 6, ಚಿಕ್ಕಬಳ್ಳಾಪುರದ 5 ಸೇರಿದರೂ 11. ಅಭ್ಯಾಸಕ್ಕೆ 11 ಸ್ಥಾನಗಳ ಒಂದು ಕಲ್ಪಿತ ಕ್ಷೇತ್ರ ಇಟ್ಟುಕೊಳ್ಳೋಣ. ಮತ 10 ಲಕ್ಷ. ಅ ಪಕ್ಷಕ್ಕೆ 4,20,000, ಆ ಪಕ್ಷಕ್ಕೆ 3,60,000, ಇ ಪಕ್ಷಕ್ಕೆ 1,50,000, ಈ ಪಕ್ಷಕ್ಕೆ 70,000.

ಸೇಂಟ್ ಲಾಗ್ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 3, 5, 7, 9 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸುತ್ತಾ ಹೋಗಬೇಕು.

ಅ: 4,20,000, 1,40,000, 84,000, 60,000, 46,667
ಆ: 3,60,000, 1,20,000, 72,000, 51,429, 40,000
ಇ: 1,50,000, 50,000, 30,000
ಈ: 70,000, 23,333

ಎಲ್ಲವನ್ನೂ ಒಟ್ಟಿಗೆ ನೋಡಿ, ದೊಡ್ಡದರಿಂದ ಇಳಿಯುತ್ತಾ ಮೊದಲ 11 ಅಂಕಿಗಳಿಗೆ ಸುತ್ತು ಹಾಕಿ. ಅ 4, ಆ 4, ಇ 2, ಈ 1. ಹನ್ನೊಂದನೇ ಸ್ಥಾನ ಸಿಕ್ಕಿದ್ದು ಇ ಪಕ್ಷದ 50,000ಕ್ಕೆ. ಬಾಗಿಲಲ್ಲಿ ನಿಂತಿರುವುದು ಅ ಪಕ್ಷದ 46,667. ಇ ಪಕ್ಷ 1,40,000ಕ್ಕಿಂತ ಕೆಳಗಿಳಿದರೆ, ಅಥವಾ ಅ ಪಕ್ಷ 4,50,000 ದಾಟಿದರೆ, ಆ ಸ್ಥಾನ ಕೈ ಬದಲಾಗುತ್ತದೆ. ಈ ಕೊನೆಯ ಸ್ಥಾನ ಮತ್ತು ಅದರ ಮುಂದಿನ ಅಂಕಿ, ಇವೆರಡನ್ನೂ ಕೆಂಪು ಪೆನ್ನಿನಲ್ಲಿ ಬರೆದಿಡಿ. ಜಿದ್ದಾಜಿದ್ದಿ ಇರುವುದು ಅಲ್ಲೇ.

ಅದೇ ಮತಗಳಿಗೆ ಡಿ'ಹೊಂಟ್ ವಿಧಾನ ಹಾಕಿ, ಭಾಜಕಗಳು 1, 2, 3, 4, 5. ಈಗ ಅ 5, ಆ 4, ಇ 2, ಈ ಸೊನ್ನೆ. ಒಂದು ಮತವೂ ಬದಲಾಗದೆ ಪುಟ್ಟ ಪಕ್ಷದ ಸ್ಥಾನ ದೊಡ್ಡ ಪಕ್ಷಕ್ಕೆ ಹೋಯಿತು. ಸ್ಪೇನ್, ನೆದರ್ಲೆಂಡ್ಸ್, ಇಸ್ರೇಲ್‌ನಲ್ಲಿ ಡಿ'ಹೊಂಟ್. ಜರ್ಮನಿ, ನ್ಯೂಜಿಲೆಂಡ್‌ನಲ್ಲಿ ಸೇಂಟ್ ಲಾಗ್. ಸ್ವೀಡನ್‌ನಲ್ಲಿ ಸೇಂಟ್ ಲಾಗ್‌ನ ಮೊದಲ ಭಾಜಕ 1ರ ಬದಲು 1.2.

ಸ್ವೀಡನ್‌ನ 29 ಕ್ಷೇತ್ರಗಳಲ್ಲಿ 310 ಸ್ಥಾನ ಹಂಚಿ, ಮಿಕ್ಕ 39 ಸ್ಥಾನಗಳಿಂದ ಏರುಪೇರು ಸರಿಪಡಿಸುತ್ತಾರೆ. ಮನೆಯಲ್ಲಿ ಕೂತು ನೋಡುವವರಿಗೆ ಅಷ್ಟು ರಗಳೆ ಬೇಡ. ಇಡೀ ದೇಶವನ್ನು ಒಂದೇ ಕ್ಷೇತ್ರವೆಂದು ಭಾವಿಸಿ, ಶೇ 4 ದಾಟಿದ ಪಕ್ಷಗಳಿಗೆ 349 ಹಂಚಿದರೆ ಬಣಗಳ ಮೊತ್ತ ಸಿಗುತ್ತದೆ. ಸ್ಪೇನ್‌ನಲ್ಲಿ ಈ ಅಡ್ಡದಾರಿ ನಡೆಯದು. ಅಲ್ಲಿ ಪ್ರತಿ ಪ್ರಾಂತ್ಯದ ಲೆಕ್ಕ ಪ್ರತ್ಯೇಕ, ಸರಿಪಡಿಸುವ ಸ್ಥಾನಗಳಿಲ್ಲ.

ಹಂತ 5: ಮತದಾನದ ರಾತ್ರಿ

ಮತಗಟ್ಟೆ ಮುಚ್ಚಿದ ಕ್ಷಣವೇ ಮತಗಟ್ಟೆ ಸಮೀಕ್ಷೆ ಪ್ರಕಟವಾಗುತ್ತದೆ. ಅದನ್ನು ಬರೆದುಕೊಳ್ಳಿ, ನಂಬಿ ಮಲಗಬೇಡಿ. 2022ರಲ್ಲಿ ಸ್ವೀಡನ್‌ನ ಟಿವಿ ಸಮೀಕ್ಷೆಗಳು ಎಡಬಣಕ್ಕೆ ಸಣ್ಣ ಮುನ್ನಡೆ ತೋರಿಸಿದ್ದವು. ಎಣಿಕೆ ಮುಂದುವರಿದಂತೆ ಅದು ಬಲಬಣಕ್ಕೆ ತಿರುಗಿತು.

ಮೊದಲು ಬರುವುದು ಚಿಕ್ಕ ಮತಗಟ್ಟೆಗಳ ಎಣಿಕೆ, ಅಂದರೆ ಹೆಚ್ಚಾಗಿ ಹಳ್ಳಿಗಾಡಿನದು. ದೊಡ್ಡ ನಗರಗಳದು ತಡ. ಆದ್ದರಿಂದ ಶೇ 20ರಷ್ಟು ಎಣಿಕೆಯಾದಾಗಿನ ಒಟ್ಟು ಶೇಕಡಾವಾರು ಇಡೀ ದೇಶದ ಚಿತ್ರವಲ್ಲ. ಎಣಿಕೆ ಮುಗಿದ ಮತಗಟ್ಟೆಗಳನ್ನು ಮಾತ್ರ ತೆಗೆದುಕೊಂಡು, ಹಿಂದಿನ ಚುನಾವಣೆಯಲ್ಲಿ ಅದೇ ಮತಗಟ್ಟೆಗಳಲ್ಲಿ ಆ ಪಕ್ಷಕ್ಕೆ ಎಷ್ಟು ಬಂದಿತ್ತು ಎಂದು ಹೋಲಿಸಬೇಕು. ಅಲ್ಲಿ ಎರಡು ಅಂಶ ಇಳಿದಿದ್ದರೆ ಆ ಇಳಿಕೆಯನ್ನು ಕಳೆದ ಸಲದ ರಾಷ್ಟ್ರಮಟ್ಟದ ಪಾಲಿನಿಂದ ಕಳೆಯಿರಿ. ಪರಿಪೂರ್ಣವಲ್ಲ, ಆದರೆ ಪರದೆಯ ಮೇಲಿನ ಕಚ್ಚಾ ಅಂಕಿಗಿಂತ ನೂರು ಪಾಲು ಮೇಲು.

ಹಂತ 6: ಎಣಿಸದೆ ಉಳಿದ ಮತ ಎಷ್ಟು, ಯಾರದು?

ನಮ್ಮಲ್ಲಿ ಅಂಚೆ ಮತ ಬೆಳಿಗ್ಗೆ 8ಕ್ಕೇ ಎಣಿಕೆಗೆ ಬರುತ್ತದೆ. ಅಲ್ಲಿ ಅನೇಕ ಕಡೆ ಉಲ್ಟಾ, ತಡವಾದ ಮತ, ಹೊರದೇಶದ ಮತ ಕೊನೆಗೆ. ಸ್ವೀಡನ್‌ನಲ್ಲಿ ಇವನ್ನು ಬುಧವಾರ ಎಣಿಸುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಕಾಯುವಿಕೆ ಇನ್ನೂ ಉದ್ದ. 2023ರ ಅಕ್ಟೋಬರ್ 14ರ ರಾತ್ರಿ ನ್ಯಾಷನಲ್ ಪಕ್ಷಕ್ಕೆ 50, ಆ್ಯಕ್ಟ್ ಪಕ್ಷಕ್ಕೆ 11, ಒಟ್ಟು 121ರಲ್ಲಿ 61. ಸರ್ಕಾರ ಆಯಿತೆಂದೇ ತೋರುತ್ತಿತ್ತು. ಆದರೆ ಸುಮಾರು ಐದರಲ್ಲೊಂದು ಮತ ವಿಶೇಷ ಮತವಾಗಿ (ಹೊರದೇಶದಿಂದ, ತಮ್ಮ ಕ್ಷೇತ್ರದ ಹೊರಗಿನಿಂದ ಹಾಕಿದಂಥವು) ಬಾಕಿಯಿತ್ತು. ನವೆಂಬರ್ 3ರ ಅಂತಿಮ ಫಲಿತಾಂಶದಲ್ಲಿ ನ್ಯಾಷನಲ್ 48ಕ್ಕೆ ಇಳಿಯಿತು, ಮತದ ಪಾಲಿಗೆ ಮೀರಿದ ನೇರ ಗೆಲುವುಗಳಿಂದ ಮಾವೊರಿ ಪಕ್ಷ 4ರಿಂದ 6ಕ್ಕೆ ಏರಿ ಸಂಸತ್ತಿನ ಗಾತ್ರವೂ ಹಿಗ್ಗಿತು. ಕೊನೆಗೆ ನ್ಯೂಜಿಲೆಂಡ್ ಫಸ್ಟ್ ಪಕ್ಷವನ್ನೂ ಸೇರಿಸಿಕೊಳ್ಳದೆ ದಾರಿ ಇರಲಿಲ್ಲ. 2017ರಲ್ಲೂ ವಿಶೇಷ ಮತಗಳ ನಂತರ ನ್ಯಾಷನಲ್ ಎರಡು ಸ್ಥಾನ ಕಳೆದುಕೊಂಡಿತ್ತು. ಬಾಕಿ ಮತ ಹಿಂದಿನ ಸಲ ಯಾವ ಕಡೆ ವಾಲಿತ್ತು ಎಂದು ಮೊದಲೇ ಗುರುತು ಹಾಕಿಕೊಳ್ಳಿ ಎನ್ನುವುದು ಇದಕ್ಕೇ.

ಸ್ಪೇನ್‌ನ 2023ರ ಚುನಾವಣೆಯಲ್ಲೂ ಹೊರದೇಶದ ಮತ ಎಣಿಸಿದಾಗ ಮ್ಯಾಡ್ರಿಡ್‌ನ ಒಂದು ಸ್ಥಾನ ಸಾಂಚೆಜ್ ಪಕ್ಷದಿಂದ ಎದುರಾಳಿಗೆ ಹೋಯಿತು. ಒಂದೇ ಸ್ಥಾನ, ಆದರೆ ಮಿತ್ರರ ಚೌಕಾಸಿಯ ಬಲ ಅದರಿಂದ ಏರಿತು. 2025ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ಡಿ66 ಮತ್ತು ಪಿವಿವಿ ಪಕ್ಷಗಳೆರಡಕ್ಕೂ 26 ಸ್ಥಾನ ಬಂದು, ಮತಗಳ ಅಂತರ 30,000ಕ್ಕಿಂತ ಕಡಿಮೆಯಿತ್ತು. ಇಂತಹ ಕಡೆ ಬಾಕಿ ಮತ ಎಣಿಸದೆ ಯಾರು ಮೊದಲು ಎನ್ನಲಾಗದು.

ಹಂತ 7: ಸರ್ಕಾರ ಆಗುವವರೆಗೆ ನೋಟ್‌ಬುಕ್ ಮುಚ್ಚಬೇಡಿ

ಪ್ರಧಾನಿ ಆಯ್ಕೆಯ ನಿಯಮವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಜರ್ಮನಿಯಲ್ಲಿ ಮೊದಲ ಸುತ್ತಿನಲ್ಲಿ 316 ಪರ ಮತ ಬೇಕೇ ಬೇಕು. 328 ಸ್ಥಾನಗಳ ಬಲವಿದ್ದೂ 2025ರ ಮೇ 6ರಂದು ಫ್ರೆಡ್ರಿಕ್ ಮೆರ್ಜ್ ಅವರಿಗೆ ಗುಪ್ತ ಮತದಾನದಲ್ಲಿ ಬಿದ್ದದ್ದು 310. ಅದೇ ದಿನ ಎರಡನೇ ಸುತ್ತಿನಲ್ಲಿ 325 ಬಂದು ಚಾನ್ಸಲರ್ (ಅಲ್ಲಿನ ಪ್ರಧಾನಿ) ಆದರು.

ಸ್ವೀಡನ್‌ನ ನಿಯಮ ಬೇರೆ. ವಿರುದ್ಧವಾಗಿ 175 ಮತ ಬೀಳದಿದ್ದರೆ ಸಾಕು, ಪರವಾಗಿ ಬಹುಮತ ಬೇಕಿಲ್ಲ. 2018ರಲ್ಲಿ ಎಡಬಣ 144, ಬಲಬಣ 143, ಎರಡಕ್ಕೂ ಸೇರದ ಸ್ವೀಡನ್ ಡೆಮಾಕ್ರಾಟ್ಸ್ 62. ಸಭಾಧ್ಯಕ್ಷರು ಸೂಚಿಸಿದ ಮೊದಲ ಹೆಸರು ನವೆಂಬರ್‌ನಲ್ಲಿ, ಎರಡನೆಯದು ಡಿಸೆಂಬರ್‌ನಲ್ಲಿ ಬಿದ್ದುಹೋದವು. ನಾಲ್ಕು ಸಲ ತಿರಸ್ಕೃತವಾದರೆ ಮತ್ತೆ ಚುನಾವಣೆ. ಮೂರನೇ ಸಲ, 2019ರ ಜನವರಿ 18ರಂದು, ಸ್ಟೀಫನ್ ಲೊವೆನ್ ಅವರ ಪರ ಬಿದ್ದದ್ದು 115, ವಿರುದ್ಧ 153, ತಟಸ್ಥ 77. ಪರ ಮತಕ್ಕಿಂತ ವಿರುದ್ಧ ಮತವೇ 38 ಹೆಚ್ಚಿದ್ದರೂ ಅದು 175 ಮುಟ್ಟದ ಕಾರಣ ಅವರು ಪ್ರಧಾನಿಯಾದರು. ಆದ್ದರಿಂದ ಸ್ವೀಡನ್‌ನ ಕೊನೆಯ ಪುಟದಲ್ಲಿ ಪರ, ವಿರುದ್ಧ, ತಟಸ್ಥ ಎಂದು ಮೂರು ಕಾಲಂ ಇರಲಿ. ಮೊದಲು ತುಂಬಬೇಕಾದದ್ದು ನಡುವಿನದು.