ಬಿದ್ದ ಮಳೆಯಲ್ಲಿ ಹೊಂಡಕ್ಕೆ ಹರಿದದ್ದೆಷ್ಟು? ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ

ಚಳ್ಳಕೆರೆ ಸೀಮೆಯ ನಮ್ಮ ಕೆಂಪು ಮಣ್ಣಿನಲ್ಲಿ ಕೃಷಿ ಹೊಂಡ ತೋಡಿಸುವವರು ಮೊದಲು ಕೇಳುವುದು ವರ್ಷದ ಮಳೆ ಎಷ್ಟು ಅಂತ. ಆ ಮೊತ್ತ ಹಿಡಿದು ಹೊಂಡದ ಅಳತೆ ಹೇಳಲಾಗದು. ದಿನದಿನದ ಮಳೆ ಬೇಕು, ಅದರ ಹಿಂದಿನ ಐದು ದಿನದ್ದೂ ಬೇಕು.

ಎ ಕಾಲಂನಲ್ಲಿ ದಿನಾಂಕ, ಬಿಯಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ ಮಿ.ಮೀ.ನಲ್ಲಿ, ಸಿಯಲ್ಲಿ ಹಿಂದಿನ ಐದು ದಿನಗಳ ಮೊತ್ತ. ಡಿಯಲ್ಲಿ ಕರ್ವ್ ನಂಬರ್ ಬರೆಯಿರಿ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ ಅಂಕಿ ಇದು. ಹೆಚ್ಚಾದಷ್ಟೂ ಹರಿವು ಹೆಚ್ಚು. ಸಾಧಾರಣವಾಗಿ ನೀರು ಇಂಗುವ ಮಣ್ಣು, ನೇರ ಸಾಲಿನ ಶೇಂಗಾ ಇದ್ದರೆ 78. ಆದರೆ ಸಿ ಕಾಲಂ 36ಕ್ಕಿಂತ ಕಡಿಮೆಯಿದ್ದರೆ 61, 53 ದಾಟಿದ್ದರೆ 89 ಹಾಕಿ. ಇ ಕಾಲಂಗೆ, ಅಂದರೆ ನೆಲ ಹೆಚ್ಚೆಂದರೆ ಹಿಡಿದುಕೊಳ್ಳಬಲ್ಲ ನೀರಿಗೆ (ಇಲ್ಲಿ 7 ಎಂದರೆ ಹಾಳೆಯ ಏಳನೇ ಸಾಲು):

=25400/D7-254

ಎಫ್‌ಗೆ, ಅಂದರೆ ಹರಿವಿಗೆ:

=IF(B7>0.2*E7,(B7-0.2*E7)^2/(B7+0.8*E7),0)

ಆ ‘IF’ ಬಿಡಲೇಬೇಡಿ. ವರ್ಗ ಮಾಡಿದಾಗ ಋಣ ಸಂಖ್ಯೆಯೂ ಧನವಾಗುತ್ತದೆ. ಹನಿ ಮಳೆಯಿಲ್ಲದ ಒಣ ದಿನವೂ 8 ಮಿ.ಮೀ. ಹರಿದಂತೆ ಹಾಳೆ ತೋರಿಸುತ್ತದೆ!

ಈಗ 50 ಮಿ.ಮೀ. ಮಳೆ ಹಾಕಿ ನೋಡಿ. ನೆಲ ಒಣಗಿದ್ದರೆ ಹರಿಯುವುದು 1.7 ಮಿ.ಮೀ., ಸಾಧಾರಣ ಹದವಿದ್ದರೆ 11.9, ನೆನೆದು ತೊಯ್ದಿದ್ದರೆ 25.4. ಎಕರೆಗೆ 4047ರಿಂದ ಗುಣಿಸಿದರೆ ಲೀಟರ್: ಸುಮಾರು 7 ಸಾವಿರ, 48 ಸಾವಿರ, 1 ಲಕ್ಷದ 3 ಸಾವಿರ. ಮಳೆ ಅದೇ, ಹೊಲ ಅದೇ. ಮೊದಲ ಹದಮಳೆಗೇ ಹೊಂಡ ತುಂಬಲಿಲ್ಲವೆಂದು ಯಾರೂ ಎದೆಗುಂದಬೇಕಿಲ್ಲ.

ಇಳಿಜಾರಿಗೆ ಅಡ್ಡಲಾಗಿ ಬಿತ್ತಿದರೆ 78ರ ಬದಲು 75. ಸಾಧಾರಣ ಹದದಲ್ಲಿ ಅದೇ 50 ಮಿ.ಮೀ.ಗೆ ಹರಿವು 9.3ಕ್ಕೆ ಇಳಿಯುತ್ತದೆ, ಎಕರೆಗೆ 10 ಸಾವಿರ ಲೀಟರಿನಷ್ಟು ನೀರು ಹೊಲದಲ್ಲೇ ಉಳಿಯಿತು. ಹೊಂಡಕ್ಕಿಂತ ಮೊದಲು ಇದನ್ನು ಮಾಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಜಿ ಕಾಲಂನಲ್ಲಿ ಮಳೆಯಿಂದ ಹರಿವು ಕಳೆಯಿರಿ. ಇದು ನೆಲ ಹಿಡಿದುಕೊಂಡ ನೀರು. ಇದರಲ್ಲಿ ಎಲೆಯ ಮೇಲೆ ನಿಂತದ್ದು, ಗುಂಡಿಗಳಲ್ಲಿ ನಿಂತು ಆವಿಯಾದದ್ದು, ಬೇರು ಹೀರುವುದು ಎಲ್ಲ ಸೇರಿದೆ. ಅಷ್ಟೂ ಕೊಳವೆಬಾವಿಗೆ ಇಳಿಯಿತೆಂದು ದಯವಿಟ್ಟು ಎಣಿಸಬೇಡಿ.

ಕೊನೆಗೆ ಹೊಂಡದಲ್ಲಿ ಗುರುತು ಹಾಕಿದ ಕೋಲು ನೆಡಿ. ಮಳೆ ನಿಂತ ಮೇಲೆ ನೀರು ಏರಿದ ಎತ್ತರವನ್ನು ನೀರಿನ ಮೇಲ್ಮೈ ವಿಸ್ತೀರ್ಣದಿಂದ ಗುಣಿಸಿ, ಹೊಂಡಕ್ಕೇ ನೇರ ಬಿದ್ದ ಮಳೆ ಕಳೆಯಿರಿ. ಹಲವು ಮಳೆಗಳಲ್ಲೂ ಹಾಳೆಗಿಂತ ಕಡಿಮೆ ನೀರು ಬಂದರೆ ಡಿ ಕಾಲಂನ ಅಂಕಿ ಇಳಿಸಿ, ಹೆಚ್ಚು ಬಂದರೆ ಏರಿಸಿ.