ಪ್ಯಾರಿಷ್ ಗಡಿ: ಟೈಥ್ ನಕ್ಷೆ ಬಿಟ್ಟ ಮೇಲೆ ಕೂಡಿ ಬಂತು

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ 1851ರ ಜನಗಣತಿ ಅಂಕಿಗಳನ್ನು ನಕ್ಷೆಯ ಮೇಲೆ ಕೂರಿಸಲು ಅಂದಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಸ್ಥಳೀಯ ಘಟಕ) ಗಡಿ ಬೇಕಿತ್ತು. 1880ರ ದಶಕದ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಹಾಳೆಯಿಂದ, ಮೈಲಿಗೆ 25 ಅಂಗುಲದ್ದರಿಂದ, ಹಿಂದಕ್ಕೆ ಹೋಗುತ್ತೇನೆ ಎಂದಾಗ, ಟೈಥ್ ನಕ್ಷೆ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಒಂದು ಪಾಲನ್ನು, ಅಂದರೆ ದಶಾಂಶವನ್ನು, ಹಣಕ್ಕೆ ಬದಲಿಸಲು ಮಾಡಿದ್ದು) ಇರುವಾಗ ಈ ಸುತ್ತು ದಾರಿ ಯಾಕೆ ಎಂದು ನಕ್ಕವರೇ ಹೆಚ್ಚು.

ಟೈಥ್ ನಕ್ಷೆಯಿಂದಲೇ ಶುರು ಮಾಡಿ ಕೈಸುಟ್ಟುಕೊಂಡಿದ್ದೆ. 1836ರ ಕಾಯಿದೆಯ ನಕ್ಷೆ ಆಗಿದ್ದು ದಶಾಂಶ ಇನ್ನೂ ಬಾಕಿಯಿದ್ದ ಜಮೀನಿಗೆ ಮಾತ್ರ. ಈ ಕೌಂಟಿಯಲ್ಲಿ ಬಹುಪಾಲು ದಶಾಂಶ ಊರಿನ ಸಾಮೂಹಿಕ ಬಯಲುಗಳಿಗೆ ಬೇಲಿ ಬಿದ್ದಾಗಲೇ ತೀರಿಹೋಗಿತ್ತು. ಹಾಗಾಗಿ ಕೆಲವು ಪ್ಯಾರಿಷ್‌ಗೆ ನಕ್ಷೆಯೇ ಇಲ್ಲ, ಕೆಲವಕ್ಕೆ ಒಂದು ಮೂಲೆ ಮಾತ್ರ. ಎರಡನೇ ದರ್ಜೆಯ (ನಿಖರವೆಂಬ ಮುದ್ರೆ ಸಿಗದ) ನಕ್ಷೆಗಳನ್ನು ಇಂದಿನ ನಕ್ಷೆಗೆ ಹೊಂದಿಸಲು ಹತ್ತು ಹನ್ನೆರಡು ಗುರುತಿನ ಬಿಂದು ಕೊಟ್ಟರೂ ಅಂಚಿನಲ್ಲಿ 30–40 ಮೀಟರ್ ಜಾರುತ್ತಿತ್ತು. ಪ್ರತಿಗಳಿಗೆ ಹೋದದ್ದು ಸುಮಾರು ಇನ್ನೂರು ಪೌಂಡ್. 25 ಅಂಗುಲದ ಹಾಳೆಗಳಾದರೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ನೋಡಸಿಗುತ್ತವೆ.

ಅಂಚಿನಲ್ಲಿ ಅಚ್ಚಾದ ವರ್ಷ ಬಿಡಿ, ಅಳತೆಯ ವರ್ಷ ನೋಡಿ. ಬಿಂದುಗಳಿಗೆ ಚರ್ಚಿನ ಗೋಪುರದ ಮೂಲೆ, ಹಳೆಯ ಕಲ್ಲುಸೇತುವೆ ಸಾಕು. ರಸ್ತೆಯ ತಿರುವು ಬೇಡ. ಹಾಳೆಹಾಳೆಗೆ ಬೇರೆಯಾಗಿ, ಸರಳ ಪಾಲಿನೋಮಿಯಲ್‌ನಲ್ಲೇ (ಇಡೀ ಹಾಳೆಗೆ ಒಂದೇ ಸೂತ್ರ) ಕೂರಿಸಿ. ಹಾಳೆಯನ್ನು ರಬ್ಬರಿನಂತೆ ಎಳೆಯುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಬಿಂದುಗಳ ಮೇಲೆ ಸೊನ್ನೆ ದೋಷ ತೋರಿಸಿ ನಡುವಿನ ಬೇಲಿಯನ್ನು ಸೊಟ್ಟ ಮಾಡುತ್ತದೆ.

ಗಡಿಯ ಚುಕ್ಕೆ ಗೆರೆಯ ಪಕ್ಕದ ಅಕ್ಷರಗಳಲ್ಲೇ ನಿಜವಾದ ಮಾಲಿದೆ. 'ಸಿ.ಆರ್.' ರಸ್ತೆಯ ನಡು, 'ಸಿ.ಎಸ್.' ತೊರೆಯ ನಡು, 'ಎಫ್.ಡಬ್ಲ್ಯು.' ಗೋಡೆಯ ಮುಖ, 'ಆರ್.ಹೆಚ್.' ಬೇಲಿಯ ಬುಡ. '4 ಅಡಿ ಆರ್.ಹೆಚ್.' ಎಂದಿದ್ದರೆ ಗಡಿ ಬುಡದಿಂದ ನಾಲ್ಕಡಿ ಆಚೆ. ಹಾಳೆಯ ಮೇಲೆ ಅದು ಅರ್ಧ ಮಿಲಿಮೀಟರ್, ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಬೇಲಿಯ ಯಾವ ಮಗ್ಗುಲು ಎಂಬುದನ್ನಷ್ಟೇ ಗುರುತಿಸಿಕೊಂಡೆ. ತೊರೆ ಪಾತ್ರ ಬದಲಿಸಿದ ಕಡೆ ಗಡಿ ಹಳೆಯ ಪಾತ್ರದಲ್ಲೇ ಉಳಿದಿರಬಹುದು. ಇಂದಿನ ನೀರಿನ ಗೆರೆ ನಂಬಿ ಎರಡು ಪ್ಯಾರಿಷ್ ಮತ್ತೆ ಬಿಡಿಸಬೇಕಾಯಿತು.

ಆಮೇಲೆ ಕಳೆಯುವ ಕೆಲಸ. 1876 ಮತ್ತು 1882ರ ಕಾಯಿದೆಗಳಡಿ ಪಕ್ಕದ ಪ್ಯಾರಿಷ್ ನುಂಗಿದ ಬಿಡಿ ತುಂಡುಗಳನ್ನು (ತಮ್ಮ ಪ್ಯಾರಿಷ್‌ನಿಂದ ದೂರ ಬಿದ್ದ ನೆಲ) ಹಾಳೆಯ ಅಳತೆಯ ವರ್ಷ ನೋಡಿ ಮರಳಿಸಬೇಕು. ಇದಕ್ಕೆ 1891ರ ಗಣತಿಯ ಅಡಿಟಿಪ್ಪಣಿಗಳೇ ಆಸರೆ. ಯಾವ ತುಂಡನ್ನು ಮೊದಲು ಬಿಡಿಸಬೇಕೆಂಬ ನನ್ನ ಕ್ರಮ ಸದ್ಯಕ್ಕೆ ನನ್ನಲ್ಲೇ ಇರಲಿ.

ತಾಳೆಗೆ ಎಕರೆ ಲೆಕ್ಕ. ಈ ಹಾಳೆಯ ಒಂದು ಚದರ ಅಂಗುಲ ಹೆಚ್ಚುಕಮ್ಮಿ ಒಂದು ಎಕರೆ, ಹೊಲದ ಸಂಖ್ಯೆಯ ಕೆಳಗೆ ವಿಸ್ತೀರ್ಣವೂ ಅಚ್ಚಾಗಿರುತ್ತದೆ. ನಾನೆಳೆದ ಗಡಿಯ ವಿಸ್ತೀರ್ಣ ಅವುಗಳ ಮೊತ್ತಕ್ಕೆ ಶೇ. 1ಕ್ಕಿಂತ ಹೆಚ್ಚು ತಪ್ಪಿದರೆ ಬಹುತೇಕ ಒಂದು ಬಿಡಿ ತುಂಡು ಕೈಬಿಟ್ಟಿರುತ್ತದೆ. 1851ರ ಗಣತಿಯ ಎಕರೆಗಳೆಲ್ಲ ಅಳೆದು ಬರೆದವಲ್ಲ; ಅವುಗಳ ಜೊತೆ ಗುದ್ದಾಡಬೇಡಿ.

ನಡುವೆ ರೊಗೇಷನ್ ದಿನಗಳ (ಈಸ್ಟರ್ ನಂತರದ ಪ್ರಾರ್ಥನಾ ದಿನಗಳು) ಗಡಿ ನಡಿಗೆಯ ದಾಖಲೆಗಳನ್ನೂ ಪ್ರಯತ್ನಿಸಿದೆ. 'ಆ ಓಕ್ ಮರದಿಂದ ಈ ಗುಂಡಿಗೆ' ಎಂಬ ವರ್ಣನೆ ಓದಲು ಸೊಗಸು, ಗೆರೆ ಎಳೆಯಲು ಬಾರದು. ಅಳತೆ ಚೈನಿನಲ್ಲಿದ್ದರೆ ಮಾತ್ರ ಉಪಯೋಗ, ಅದೂ 66 ಅಡಿಯ ಚೈನು. ನಮ್ಮ ಕಡೆಯ ಭೂ ಅಳತೆಯ ಟಿಪ್ಪಣಿ ಓದಿ ಅಭ್ಯಾಸವಾದವರು 33 ಅಡಿ, 16 ಆಣೆಯ ಸರಪಳಿಯ ಲೆಕ್ಕ ಹಾಕಿಬಿಟ್ಟೀರಿ.

ಉತ್ತರದ ಕೌಂಟಿಗಳಿಗೆ ಇದೇ ಕ್ರಮ ಹಚ್ಚಬೇಡಿ. ಲ್ಯಾಂಕಾಷೈರ್‌ನ ವ್ಹಾಲಿ ಒಂದೇ ಪ್ಯಾರಿಷ್‌ನಲ್ಲಿ 40ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿದ್ದವು (ಪ್ಯಾರಿಷ್‌ನೊಳಗಿನ ಉಪವಿಭಾಗಗಳು). 1662ರ ಕಾಯಿದೆಯ ನಂತರ ಬಡವರ ನೆರವಿಗಾಗಿ ಎತ್ತುವ ತೆರಿಗೆ ಅಲ್ಲಿ ಟೌನ್‌ಶಿಪ್ ಮಟ್ಟಕ್ಕಿಳಿಯಿತು. 1866ರಲ್ಲಿ ಆ ತೆರಿಗೆ ಬೇರೆಯಾಗಿ ಎತ್ತುವ ಜಾಗಗಳೆಲ್ಲ ಕಾನೂನಿನ ಕಣ್ಣಲ್ಲಿ ಪ್ಯಾರಿಷ್ ಆದವು. ಅಲ್ಲಿ ಮೊದಲು ಟೌನ್‌ಶಿಪ್ ಗೆರೆ ಎಳೆದು, ಆಮೇಲೆ ಕೂಡಿಸಿ.