"ನಿಮ್ಮನ್ನು ಇಲ್ಲಿಗೆ ಕರೆತಂದವರು ಯಾರು?": ಸಮಾಜಶಾಸ್ತ್ರದ ಮೊದಲ ಪ್ರಾಜೆಕ್ಟ್ ಮಾಡುವ ಬಗೆ

ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗಳು ಈ ವರ್ಷ ಬಿ.ಎ. ಸೇರಿದ್ದಾಳೆ. ಸಮಾಜಶಾಸ್ತ್ರಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕಂತೆ. ಒಂದು ಭಾನುವಾರ ಬೆಳಿಗ್ಗೆ ಬಂದು ಹಾಳೆ ಮುಂದಿಟ್ಟಳು. "ಮುಂಬೈ ಕನ್ನಡಿಗರ ಸಮಸ್ಯೆಗಳು" ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು. ಕೆಳಗೆ ಏನೂ ಇರಲಿಲ್ಲ. "ಮಾಮ, ಥಿಯರಿ ಕೊನೇ ಅಧ್ಯಾಯದಲ್ಲಿ ಹಾಕಿದ್ರೆ ಸಾಕಲ್ವಾ?" ಎಂದು ಕೇಳಿದಳು.

ಸಾಕಾಗುವುದಿಲ್ಲ. ಯಾಕೆ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು 1974ರಲ್ಲಿ, 13 ವರ್ಷದವನಿದ್ದಾಗ, ಉಡುಪಿ ಕಡೆಯ ಹಳ್ಳಿಯಿಂದ ಬಂದು ಮುಂಬೈಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮಾಣಿಯಾದವನು. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ಆಮೇಲೆ ಕಾಲೇಜು, ಮುಂಬೈ ವಿಶ್ವವಿದ್ಯಾಲಯದ ಕಲೀನಾದಲ್ಲಿ ಎಂ.ಎ., ಕೊನೆಗೆ ಸಮಾಜಶಾಸ್ತ್ರದ ಮೇಷ್ಟ್ರು. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಹೋಟೆಲಿನಿಂದಲೇ ಬರುತ್ತವೆ.

ಮೊದಲು ವಿಷಯವನ್ನು ಚಿಕ್ಕದು ಮಾಡಿ. "ಸಮಸ್ಯೆಗಳು" ಎಂಬುದು ಪ್ರಶ್ನೆಯೇ ಅಲ್ಲ. ಒಂದು ಜಾಗ, ಒಂದು ಗುಂಪು, ಉತ್ತರ ಸಿಗಬಹುದಾದ ಒಂದು ಪ್ರಶ್ನೆ, ಇಷ್ಟು ಬೇಕು. ಒಂದು ಗಂಟೆ ಮಾತಾಡಿದ ಮೇಲೆ ನಮ್ಮ ಪ್ರಶ್ನೆ ಇಷ್ಟಕ್ಕೆ ಬಂತು: ಮಾಟುಂಗ, ಕಿಂಗ್ಸ್ ಸರ್ಕಲ್ ಸುತ್ತಿನ ಹೋಟೆಲುಗಳಲ್ಲಿ ದುಡಿಯುವವರಿಗೆ ಆ ಕೆಲಸ ಯಾರ ಮೂಲಕ ಸಿಕ್ಕಿತು?

ಈಗ ಥಿಯರಿ. ಅದನ್ನು ಇಲ್ಲೇ, ಪ್ರಶ್ನಾವಳಿ ಬರೆಯುವ ಮೊದಲೇ ತರಬೇಕು. ಸಿದ್ಧಾಂತ ಅಂದರೆ ಯಾವುದನ್ನು ನೋಡಬೇಕು ಎಂದು ಹೇಳುವ ಕಣ್ಣು. ಅದು ಬದಲಾದರೆ ನೀವು ಕೇಳುವ ಪ್ರಶ್ನೆಯೇ ಬದಲಾಗುತ್ತದೆ.

ನನ್ನನ್ನೇ ತೆಗೆದುಕೊಳ್ಳಿ. ನನ್ನನ್ನು ಹೋಟೆಲಿಗೆ ಸೇರಿಸಿದ್ದು ಅಮ್ಮನ ಅಣ್ಣ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್‌ನ ದಾರಿಯಲ್ಲಿ ಯೋಚಿಸುವವರು, ಅಂದರೆ ಪ್ರಕಾರ್ಯವಾದಿಗಳು, ಈ ಸಂಬಂಧ ಏನು ಕೆಲಸ ಮಾಡಿಕೊಡುತ್ತದೆ ಎಂದು ಕೇಳುತ್ತಾರೆ. ಹುಡುಗನಿಗೆ ಮಲಗಲು ಜಾಗ ಸಿಗುತ್ತದೆ. ಜ್ವರ ಬಂದರೆ ನೋಡಿಕೊಳ್ಳುವವರಿರುತ್ತಾರೆ. ಸೇಟ್‌ಗೆ (ಮಾಲೀಕನಿಗೆ) ನಂಬಿಕೆಯ ಆಳು ಸಿಗುತ್ತಾನೆ. ಊರಿಗೆ ದುಡ್ಡು ತಲುಪುತ್ತದೆ. ಎಲ್ಲವೂ ನಿಜ.

ಕಾರ್ಲ್ ಮಾರ್ಕ್ಸ್‌ನಿಂದ ಹೊರಟ ಸಂಘರ್ಷ ಸಿದ್ಧಾಂತದವರು ಅದೇ ಸಂಬಂಧವನ್ನು ನೋಡಿ, ಇದರಿಂದ ಲಾಭ ಯಾರಿಗೆ ಎಂದು ಕೇಳುತ್ತಾರೆ. ನಾನು ನಾಲ್ಕು ವರ್ಷ ಸಂಬಳ ಜಾಸ್ತಿ ಕೇಳಲಿಲ್ಲ. ಕೇಳಿದರೆ ಮಾವನ ಮರ್ಯಾದೆ ಹೋಗುತ್ತಿತ್ತು. ನನ್ನನ್ನು ಕಾಪಾಡಿದ ಸಂಬಂಧವೇ ನನ್ನ ಬಾಯಿಯನ್ನೂ ಕಟ್ಟಿತ್ತು. ಇದೂ ಅಷ್ಟೇ ನಿಜ. ಎಂ.ಎ. ತರಗತಿಯಲ್ಲಿ ಇದು ಅರ್ಥವಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದು ಸಾಂಕೇತಿಕ ಅಂತರಕ್ರಿಯೆ. ಈ ಹೆಸರು ಕೊಟ್ಟವನು ಹರ್ಬರ್ಟ್ ಬ್ಲೂಮರ್, 1937ರಲ್ಲಿ. ಇವರು ನೋಡುವುದು ಎದುರುಬದುರು ನಡೆಯುವ ಸಣ್ಣ ವ್ಯವಹಾರಗಳನ್ನು. ಯಾರು ಯಾರನ್ನು ಏನೆಂದು ಕರೆಯುತ್ತಾರೆ? ಮಾಣಿ ಯಾವ ದಿನ ಸಪ್ಲಾಯರ್ ಆಗುತ್ತಾನೆ, ಅದು ಅವನಿಗೆ ಹೇಗೆ ಗೊತ್ತಾಗುತ್ತದೆ? ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪದಲ್ಲಿದ್ದಾಗ ಒಂದು ಹೋಟೆಲನ್ನು ಹತ್ತಿರದಿಂದ ನೋಡಿದ್ದ. ಅಡುಗೆಮನೆಯಲ್ಲಿ ಒಂದು ರೀತಿ ಇರುವವರು, ಬಾಗಿಲು ದಾಟಿ ಗಿರಾಕಿಗಳ ಮುಂದೆ ಬಂದ ಕೂಡಲೇ ಇನ್ನೊಂದು ರೀತಿ ಆಗುತ್ತಾರೆ ಎಂದು ಬರೆದ. ಅದನ್ನು ಓದಿದಾಗ ನನಗೆ ಫೋರ್ಟ್‌ನ ನಮ್ಮ ಅಡುಗೆಮನೆಯ ಬಾಗಿಲೇ ಕಣ್ಣಿಗೆ ಬಂತು.

ನಾಲ್ಕನೆಯದು ದೊಡ್ಡ ಸಿದ್ಧಾಂತವಲ್ಲ, ಆದರೆ ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಆಫೀಸು ಕೆಲಸದವರನ್ನು, ನಿಮಗೆ ಕೆಲಸ ಸಿಕ್ಕಿದ್ದು ಹೇಗೆ ಎಂದು ಕೇಳಿದ. 1973ರ ಲೇಖನದಲ್ಲಿ ಅವನು ಹೇಳಿದ್ದು ಇದು: ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಬಂದದ್ದು ಆಪ್ತರಿಂದ ಅಲ್ಲ, ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ನಮ್ಮ ಹೋಟೆಲುಗಳಲ್ಲಿ ಇದು ತಿರುಗುಮುರುಗು ಇರಬಹುದೇ? ಅದೇ ನಮ್ಮ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ, ಆಯಿತು: ಇಲ್ಲಿ ಕೆಲಸ ಕೊಡಿಸುವುದು ಹತ್ತಿರದ ಸಂಬಂಧ. ಪ್ರಾಕ್ಕಲ್ಪನೆ ಸುಳ್ಳಾಗುವ ಅವಕಾಶ ಇರಬೇಕು. ಸುಳ್ಳಾಗಲು ಸಾಧ್ಯವೇ ಇಲ್ಲದ ಮಾತನ್ನು ಪರೀಕ್ಷಿಸಲು ಬರುವುದಿಲ್ಲ.

ಮುಂದಿನ ಕೆಲಸ, ನಿಮ್ಮ ಪದಗಳಿಗೆ ಅಳತೆ ಕೊಡುವುದು. "ಸಂಬಂಧಿಕರು" ಅಂದರೆ ಯಾರು? ನಮ್ಮ ಕರಾವಳಿಯವರು ಊರಿನ ಯಾವ ಹಿರಿಯರನ್ನೂ ಮಾವ ಎನ್ನುತ್ತಾರೆ. "ಯಾರು ಕರೆತಂದರು?" ಎಂದರೆ "ಮಾವ" ಎಂದು ಉತ್ತರ ಬರುತ್ತದೆ. ನೀವು ಸಂಬಂಧಿಕ ಎಂದು ಬರೆದುಕೊಂಡರೆ ಲೆಕ್ಕ ಅಲ್ಲಿಗೇ ತಪ್ಪಿತು. ಅಮ್ಮನ ಸ್ವಂತ ಅಣ್ಣ ತಮ್ಮಂದಿರಾ, ದೂರದ ನೆಂಟರಾ, ಊರಿನವರಾ ಎಂದು ಮತ್ತೆ ಕೇಳಿ ಹಾಳೆಯ ಬೇರೆ ಬೇರೆ ಕಾಲಂನಲ್ಲಿ ಗುರುತು ಹಾಕಬೇಕು. ಭಾಷೆಯ ವಿಷಯವೂ ಹಾಗೆಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಮರಾಠಿ. ಇಂಥವರು ಕನ್ನಡಿಗರೇ ಅಲ್ಲವೇ? ನಮ್ಮ ಜನಗಣತಿ ಇದಕ್ಕೆ ಒಂದು ಅಳತೆ ಇಟ್ಟುಕೊಂಡಿದೆ: ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆಯೇ ಮಾತೃಭಾಷೆ. ಆ ಅಳತೆಯಲ್ಲಿ 2011ರಲ್ಲಿ ತುಳು ಮಾತೃಭಾಷೆಯವರ ಲೆಕ್ಕ 18 ಲಕ್ಷ ದಾಟಿತ್ತು. ಆ ಅಳತೆಯಂತೆ, ಮನೆಯಲ್ಲಿ ತುಳು ಆಡಿ ಬೆಳೆದ ನಾನೂ ಕನ್ನಡಿಗರ ಪಟ್ಟಿಯಲ್ಲಿ ಇಲ್ಲ! ನೀವು ಯಾವ ಅಳತೆ ಹಿಡಿದರೂ ಅದನ್ನು ವರದಿಯ ಮೊದಲಲ್ಲೇ ಬರೆಯಿರಿ.

ಇನ್ನು ಯಾರನ್ನು ಕೇಳಬೇಕು ಎಂಬುದು. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾನೆ ಎಂದು ಪತ್ರಿಕೆ ಹೇಳಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವನು ರೂಸ್‌ವೆಲ್ಟ್. ಪತ್ರಿಕೆ ಹೆಸರುಗಳನ್ನು ತೆಗೆದದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿ ಇಂಥವುಗಳಿಂದ. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಯಾರ ಬಳಿ ಇತ್ತು? ಅದೂ ಅಲ್ಲದೆ, ಕಳಿಸಿದ ನಾಲ್ವರಲ್ಲಿ ಒಬ್ಬರಷ್ಟೂ ಉತ್ತರಿಸಲಿಲ್ಲ. ಲಕ್ಷಗಟ್ಟಲೆ ಉತ್ತರ ಬಂದರೂ ಸ್ಯಾಂಪಲ್, ಅಂದರೆ ಕೇಳಲು ಆರಿಸಿಕೊಂಡ ಜನರ ಗುಂಪು, ಓರೆಯಾಗಿದ್ದರೆ ಪ್ರಯೋಜನವಿಲ್ಲ.

ನನ್ನ ಸೋದರಸೊಸೆ ಮಾಡಹೊರಟದ್ದು ಇನ್ನೊಂದು ಬಗೆಯ ತಪ್ಪು. ಅವಳಿಗೆ ಒಬ್ಬ ಸಪ್ಲಾಯರ್ ಪರಿಚಯ ಇದ್ದ. ಅವನಿಂದ ಅವನ ಚಿಕ್ಕಪ್ಪನ ಮಗ, ಅವನಿಂದ ಅವನ ಭಾವ, ಹೀಗೆ ಆರು ಜನರ ಹೆಸರು ತಂದಳು. ಆರೂ ಮಂದಿ ಸಂಬಂಧಿಕರ ಮೂಲಕವೇ ಬಂದವರು! "ಮಾಮ, ಪ್ರಾಕ್ಕಲ್ಪನೆ ಸರಿಯಾಯ್ತು" ಎಂದು ಖುಷಿಪಟ್ಟಳು. ನಾನು ಅವಳನ್ನು ಕೂರಿಸಿ ಹೇಳಿದೆ: ನೀನು ಜನರನ್ನು ಹುಡುಕಿದ್ದೇ ಸಂಬಂಧದ ದಾರದಲ್ಲಿ. ಹಾಗಾದಾಗ ಉತ್ತರವೂ ಸಂಬಂಧವೇ ಆಗದೆ ಇನ್ನೇನಾಗುತ್ತದೆ? ಒಬ್ಬರಿಂದ ಇನ್ನೊಬ್ಬರನ್ನು ಹುಡುಕುವ ಪದ್ಧತಿಗೆ ಸ್ನೋಬಾಲ್ ಎನ್ನುತ್ತಾರೆ. ಬಚ್ಚಿಟ್ಟುಕೊಂಡು ಬದುಕುವವರನ್ನು ತಲುಪಲು ಅದು ಒಳ್ಳೆಯದು. ಆದರೆ ಯಾರಿಗೆ ಯಾರು ಪರಿಚಯ ಎಂಬುದೇ ನಿಮ್ಮ ಪ್ರಶ್ನೆಯಾದರೆ ಅದನ್ನು ಮುಟ್ಟಬೇಡಿ.

ಬದಲಿಗೆ ನಾವು ಮಾಡಿದ್ದು ಸುಲಭದ್ದು. ಒಂದು ಮಧ್ಯಾಹ್ನ ಕಿಂಗ್ಸ್ ಸರ್ಕಲ್‌ನಿಂದ ಮಾಟುಂಗ ಮಾರ್ಕೆಟ್‌ವರೆಗೆ ನಡೆದು ಕಂಡ ಹೋಟೆಲುಗಳನ್ನೆಲ್ಲ ಪಟ್ಟಿ ಮಾಡಿದೆವು. ನಂಬರು ಬರೆದು, ಚೀಟಿ ಮಡಚಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಐದು ಎತ್ತಿದೆವು. ಪ್ರತಿ ಹೋಟೆಲಿನಲ್ಲೂ ಅಡುಗೆಯವರು, ಸಪ್ಲಾಯರ್‌ಗಳು, ಕ್ಲೀನರ್‌ಗಳು ಮೂರೂ ಬಗೆಯವರನ್ನು ಮಾತಾಡಿಸಬೇಕು ಎಂದು ಗೊತ್ತು ಮಾಡಿಕೊಂಡೆವು. ಕಣ್ಣಿಗೆ ಬೀಳುವ ಸಪ್ಲಾಯರ್‌ಗಳನ್ನಷ್ಟೇ ಕೇಳಿದರೆ ಪಾತ್ರೆ ತೊಳೆಯುವವರ ಕತೆ ಎಂದೂ ಬರುವುದಿಲ್ಲ. ಇವತ್ತು ಆ ಕೆಲಸದಲ್ಲಿ ಉತ್ತರದ ರಾಜ್ಯಗಳ, ನೇಪಾಳದ ಹುಡುಗರೂ ಇದ್ದಾರೆ. ಅವರನ್ನು ಬಿಟ್ಟರೆ ಅದು ಹೋಟೆಲಿನ ಅಧ್ಯಯನವೇ ಅಲ್ಲ.

ಕೇಳುವ ಹೊತ್ತು, ಜಾಗ ಎರಡೂ ಮುಖ್ಯ. ನಾನು ಎಂ.ಎ.ಯಲ್ಲಿದ್ದಾಗ ಒಂದು ಹೋಟೆಲಿಗೆ ಪ್ರಶ್ನಾವಳಿ ಹಿಡಿದು ಹೋಗಿದ್ದೆ. ಎಲ್ಲರನ್ನೂ ಗಲ್ಲಾದ ಪಕ್ಕದ ಟೇಬಲ್ಲಿನಲ್ಲಿ ಕೂರಿಸಿ ಸಂಬಳ ಕೇಳಿದೆ. ಹನ್ನೊಂದು ಜನ ಒಂದೇ ಮೊತ್ತ ಹೇಳಿದರು. ಸೇಟ್ ಮೂರಡಿ ದೂರದಲ್ಲಿದ್ದರು. ಒಂದು ತಿಂಗಳ ಕೆಲಸವನ್ನು ಪೂರ್ತಿ ಬಿಸಾಡಬೇಕಾಯಿತು. ಇವತ್ತಿಗೂ ಅದು ನನಗೆ ನೋವಿನ ವಿಷಯ, ಯಾಕೆಂದರೆ ಆ ಹನ್ನೊಂದು ಜನರ ಸಮಯವನ್ನೂ ಹಾಳು ಮಾಡಿದೆ. ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮುಂಚೆ, ಮೂರೂವರೆಯ ಹೊತ್ತಿಗೆ, ಅವರಿಗೆ ಸ್ವಲ್ಪ ಬಿಡುವಿರುತ್ತದೆ. ಸೇಟ್‌ನ ಒಪ್ಪಿಗೆ ಪಡೆದು, ಮಾತು ಮಾತ್ರ ಹೊರಗೆ ಆಡಿ.

ಪ್ರಶ್ನೆ ಮಾಡುವಾಗ ಅಭಿಪ್ರಾಯಕ್ಕಿಂತ ನಡೆದದ್ದನ್ನು ಕೇಳಿ. "ನಿಮಗೆ ಇಲ್ಲಿ ತೃಪ್ತಿ ಇದೆಯಾ?" ಎಂದರೆ "ಇದೆ" ಎನ್ನುತ್ತಾರೆ, ಮಾತು ಮುಗಿಯಿತು. "ಮುಂಬೈಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದಿರಿ?" ಎಂದು ಕೇಳಿ ನೋಡಿ. ಯಾರು ಸ್ಟೇಷನ್ನಿಗೆ ಬಂದಿದ್ದರು, ಚಾಪೆ ಯಾರದ್ದು, ಬಸ್ಸಿನ ದುಡ್ಡು ಯಾರು ಕೊಟ್ಟರು, ಅದನ್ನು ತೀರಿಸಲು ಎಷ್ಟು ತಿಂಗಳಾಯಿತು, ಎಲ್ಲ ತಾನಾಗಿ ಬರುತ್ತದೆ. ಸಂಬಳ ಕೇಳುವಾಗ ಊಟ, ಮಲಗುವ ಜಾಗ ಸೇರಿದೆಯಾ ಎಂದೂ ಕೇಳಬೇಕು. ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬೇಡಿ. ಮೊದಲು ಇಬ್ಬರು ಮೂವರ ಬಳಿ ಪ್ರಯೋಗ ಮಾಡಿ, ಅರ್ಥವಾಗದ ಮಾತು ತಿದ್ದಿಕೊಳ್ಳಿ.

ಬರೀ ಕೇಳಿದರೆ ಸಾಲದು, ಕೂತು ನೋಡಬೇಕು ಕೂಡ. ಒಂದು ಕಾಫಿ ತೆಗೆದುಕೊಂಡು ಮೂಲೆಯಲ್ಲಿ ಕೂತು, ಯಾರು ಯಾರಿಗೆ ಯಾವ ಭಾಷೆಯಲ್ಲಿ ಕೂಗುತ್ತಾರೆ ಎಂದು ಅರ್ಧ ಗಂಟೆ ಗಮನಿಸಿ. ನನ್ನಂಥವರಿಗೆ ಇಲ್ಲಿ ಒಂದು ತೊಡಕು ಇದೆ. ಒಳಗಿನವರಿಗೆ ಎಲ್ಲವೂ ಸಹಜ ಅನಿಸುತ್ತದೆ. ನನ್ನ ಸೊಸೆ "ಅಡುಗೆಯವರನ್ನು ಮಾತ್ರ ಭಟ್ರೇ ಅಂತ ಗೌರವದಿಂದ ಯಾಕೆ ಕರೀತಾರೆ?" ಎಂದು ಕೇಳಿದಳು. ನಾನು ಅಷ್ಟು ವರ್ಷ ಅಲ್ಲೇ ದುಡಿದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಜಾತಿ ಅಡುಗೆಮನೆಯಲ್ಲಿ ಹೇಗೆ ಕೂತಿದೆ ಎಂಬುದು ಆ ಒಂದು ಪ್ರಶ್ನೆಯಿಂದ ತೆರೆದುಕೊಂಡಿತು.

ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಿರಿ. ನಕಲನ್ನು ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ, ಮೈಸೂರಿನ ಎಂ.ಎನ್. ಶ್ರೀನಿವಾಸ್ ನಮ್ಮ ಮುಂಬೈ ವಿಶ್ವವಿದ್ಯಾಲಯದಲ್ಲೇ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಕಲಿತವರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ವರ್ಷಗಟ್ಟಲೆ ಕೂತು ಆ ಟಿಪ್ಪಣಿಗಳನ್ನು ಒಪ್ಪ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಯಾರೋ ಬೆಂಕಿ ಹಚ್ಚಿದಾಗ ಮೂರೂ ಪ್ರತಿಗಳು ಸುಟ್ಟುಹೋದವು. ಮೂರೂ ಒಂದೇ ಕೋಣೆಯಲ್ಲಿದ್ದವು. ನೆನಪಿನ ಬಲದ ಮೇಲೆ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಅಂಥ ನೆನಪು ನಮಗೆಲ್ಲ ಇರುವುದಿಲ್ಲ.

ಲೆಕ್ಕ ಹಾಕುವಾಗ ಅವಸರ ಬೇಡ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಸಂಬಂಧಿಕರ ಮೂಲಕ ಬಂದ 20 ಜನರಲ್ಲಿ 15 ಮಂದಿ ಐದು ವರ್ಷಕ್ಕಿಂತ ಜಾಸ್ತಿ ನಿಂತಿದ್ದಾರೆ. ಉಳಿದ 20ರಲ್ಲಿ 6 ಮಂದಿ ಮಾತ್ರ. ಸಂಬಂಧ ಇದ್ದರೆ ನಿಲ್ಲುತ್ತಾರೆ ಎಂದು ಬರೆಯಲು ಕೈ ಹೋಗುತ್ತದೆ. ತಡೆಯಿರಿ. ಸಂಬಂಧಿಕರ ಮೂಲಕ ಬಂದವರೆಲ್ಲ ಹಳೆಯ ಕಾಲದಲ್ಲಿ ಬಂದ ಹಿರಿಯರಾಗಿದ್ದರೆ? ಹಾಗಿದ್ದರೆ ಜಾಸ್ತಿ ವರ್ಷ ಆಗಿರುವುದು ವಯಸ್ಸಿನಿಂದ. ವಯಸ್ಸಿನ ಪ್ರಕಾರ ಎರಡು ಗುಂಪು ಮಾಡಿ ಮತ್ತೆ ಲೆಕ್ಕ ಹಾಕಿ. ವ್ಯತ್ಯಾಸ ಆಗಲೂ ಉಳಿದರೆ ಮಾತಾಡಿ. ಕೆಲಸ ಬಿಟ್ಟು ಹೋದವರು ನಿಮಗೆ ಸಿಕ್ಕೇ ಇಲ್ಲ ಎಂಬುದನ್ನೂ ಬರೆಯಿರಿ.

ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂದು ತಿಳಿಯಬೇಡಿ. "ಹೂವಿನ ಮಾರ್ಕೆಟ್ ಎದುರಿನ ಹೋಟೆಲಿನ, ಕುಂದಾಪುರದ, ಕುಂಟುವ ಭಟ್ರು" ಎಂದು ಬರೆದರೆ ಇಡೀ ಮಾಟುಂಗಕ್ಕೆ ಗೊತ್ತಾಗುತ್ತದೆ. ಊರು ಬದಲಿಸಿ, ಗುರುತು ತೆಗೆಯಿರಿ. ಕೇಳದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಾರದು. "ಬೇಡ" ಎಂದವರನ್ನು ಮತ್ತೆ ಪೀಡಿಸಬಾರದು. ಸಂಬಳದ ಮಾತು ಸೇಟ್ ಕಿವಿಗೆ ಬಿದ್ದರೆ ಹೋಗುವುದು ಅವರ ಕೆಲಸ. ನಿಮ್ಮ ಅಂಕಕ್ಕಿಂತ ಅದು ದೊಡ್ಡದು.

ವರದಿ ಕಾಲೇಜಿಗೆ ಕೊಡುವ ಮೊದಲು ಕೆಲಸಗಾರರ ಬಳಿಗೆ ಒಯ್ದು ಓದಿ ಹೇಳಿ. ನಾವು ಮೂರೂವರೆಗೆ ಹೋಗಿ, ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ನಿಂತು, ತುಳುವಿನಲ್ಲಿ, ಹಿಂದಿಯಲ್ಲಿ ವಿವರಿಸಿದೆವು. ವಯಸ್ಸಾದ ಒಬ್ಬ ಸಪ್ಲಾಯರ್ ತಲೆ ಅಲ್ಲಾಡಿಸಿದರು. "ನನ್ನನ್ನು ಕರೆತಂದದ್ದು ಅಣ್ಣನೇ. ಆದರೆ ಇಲ್ಲಿ ಜಾಗ ಖಾಲಿ ಇದೆ ಅಂತ ಅಣ್ಣನಿಗೆ ಹೇಳಿದ್ದು ಹಾಲಿನ ಭಯ್ಯಾ. ಅವರಿಬ್ಬರಿಗೆ ಅಷ್ಟೇನೂ ಪರಿಚಯ ಇರಲಿಲ್ಲ" ಎಂದರು. ಗ್ರಾನೊವೆಟರ್ ಹೇಳಿದ ದೂರದ ಪರಿಚಯ ನಮ್ಮ ಹತ್ತಿರದ ಸಂಬಂಧದ ಹಿಂದೆಯೇ ನಿಂತಿತ್ತು. ನಮ್ಮ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸೊಸೆ ಗಲ್ಲಿಯಲ್ಲೇ ನಿಂತು ಪ್ರಶ್ನಾವಳಿಯ ಕೊನೆಗೆ ಒಂದು ಸಾಲು ಸೇರಿಸಿದಳು: "ಕರೆತಂದವರಿಗೆ ಈ ಕೆಲಸದ ಸುದ್ದಿ ಹೇಳಿದ್ದು ಯಾರು?" ಆಮೇಲೆ ಒಳಗೆ ಹೋಗಿ ಪಾತ್ರೆ ತೊಳೆಯುವ ಹುಡುಗನಿಂದ ಮತ್ತೆ ಕೇಳಲು ಶುರು ಮಾಡಿದಳು.